ಕಳ್ಳ ಕುಬಸದ ಪಾರ್ಸೆಲ್ಲು

ಯಾರ ಪಾರ್ಸೆಲ್ಲು ಎಲ್ಲಿಗೆ ಬಂದಿದೆ ಎಂದು ಓದಿ ಹೇಳುವ ಕೆಲಸ ನಮ್ಮ ಶಲವಡಿಯಲ್ಲಿ ಅದು ಹೇಗೋ ನನ್ನ ಕೊರಳಿಗೆ ಬಿದ್ದಿತ್ತು. ನಾನು ಊರ ಶಾಲೆಯ ಶಿಕ್ಷಕಿ, ಭಾಗಾಕಾರ ಕಲಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವಳು. ಆದರೆ ಶಾಲೆ ಬಿಟ್ಟು ಮನೆಗೆ ಹೊರಟರೆ ಸಾಕು, ಯಾರಾದರೊಬ್ಬರು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನಿಲ್ಲಿಸುತ್ತಿದ್ದರು. "ಅಕ್ಕಾರ, ಇದು ಎಲ್ಲಿಗೆ ಬಂದೈತಿ ನೋಡ್ರಿ ಸ್ವಲ್ಪ." ಒಬ್ಬರದು ಬೆಳೆಗೆ ಎಣ್ಣೆ ಹೊಡೆಯುವ ಪಂಪಿನ ಬಿಡಿಭಾಗ, ಇನ್ನೊಬ್ಬರದು ಮೊಣಕಾಲಿಗೆ ಕಟ್ಟುವ ಪಟ್ಟಿ, ಮತ್ತೊಬ್ಬರದು ಫೋಟೋದಲ್ಲಿ ನೋಡಿ ಮರುಳಾದ ಸೀರೆ.

ನಾನೂ ನಿಂತು ವಿವರಿಸುತ್ತಿದ್ದೆ. ಲೇಬಲ್ ತಯಾರಾಗಿದೆ ಎಂದು ಬಂದರೆ ಚೀಟಿ ಅಂಟಿಸಿದ್ದಾರೆ ಅಷ್ಟೇ, ಪೆಟ್ಟಿಗೆ ಇನ್ನೂ ಜಾಗ ಬಿಟ್ಟು ಕದಲಿಲ್ಲ. ಇನ್ ಟ್ರಾನ್ಸಿಟ್ ಎಂದರೆ ದಾರಿಯಲ್ಲಿದೆ. ಔಟ್ ಫಾರ್ ಡೆಲಿವರಿ ಎಂದರೆ ಇವತ್ತು ಮನೆಗೆ ತರುತ್ತಾರೆ, ಇಲ್ಲವೆ ತರುವ ಮನಸ್ಸು ಅವರಿಗಿದೆ. ನಮ್ಮ ಬಾಜು ಮನೆಯ ಕಾಕಾ ಒಮ್ಮೆ ಬಲು ಸಿಟ್ಟಿನಿಂದ ಕೇಳಿದ್ದರು. "ನಾಕ ದಿನ ಆತು, ಇನ್ನೂ ಟ್ರಾನ್ಸಿಟ್‌ನ್ಯಾಗ ಕುಂತೈತಿ. ಈ ಟ್ರಾನ್ಸಿಟ್ ಯಾವ ತಾಲೂಕಿಗೆ ಬರತೈತ್ರಿ ಅಕ್ಕಾರ? ನಾನ ಹೋಗಿ ತರ್ತೇನಿ." ನಾನು ನಗಲಿಲ್ಲ. ಡಾಕ್ಟರು ರೋಗಿಯ ಮುಂದೆ ನಗುತ್ತಾರೆಯೇ? ನನ್ನ ದನಿಗೆ ಆಗಲೇ ಅಂಥದೊಂದು ಗತ್ತು ಬಂದಿತ್ತು. ಪರದೆಯ ಮೇಲೆ ಬಂದದ್ದೆಲ್ಲ ನಿಜ, ಅದನ್ನು ಓದಬಲ್ಲ ನಾನು ಜಾಣೆ ಎಂದು ನಂಬಿಕೊಂಡಿದ್ದೆ. ಆ ಗತ್ತು ಇಳಿದದ್ದು ನನ್ನ ಸ್ವಂತ ಪಾರ್ಸೆಲ್ಲಿನಿಂದ.

ನನಗೆ ಒಬ್ಬಳೇ ತಂಗಿ. ಕಲಘಟಗಿ ತಾಲೂಕಿನ ದೇವಿಕೊಪ್ಪಕ್ಕೆ ಕೊಟ್ಟಿದ್ದೇವೆ. ಅತ್ತೆ ಮಾವ ತೀರಿಹೋದ ಮನೆ, ಗಂಡ ಹೆಂಡತಿ ಇಬ್ಬರೇ. ಅವಳು ಎರಡು ಸಲ ಬಸುರಿಯಾದಳು, ಎರಡೂ ಉಳಿಯಲಿಲ್ಲ. ಮೊದಲನೆಯದು ಬೇಗನೆ ಹೋಯಿತು. ಎರಡನೆಯದು ಐದು ತಿಂಗಳು ದಾಟಿದ ಮೇಲೆ ಹೋಯಿತು. ಆಸ್ಪತ್ರೆಯಿಂದ ಬಂದವಳು ಎಂಟು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಮ್ಮವ್ವ ಒಂದು ತೀರ್ಮಾನಕ್ಕೆ ಬಂದಿದ್ದಳು. ಕಣ್ಣು ತಾಗಿತು, ಅದೂ ಹೆಂಗಸರ ಕಣ್ಣು, ಅದೂ ಬಸ್ಸಿನಲ್ಲಿ.

ಬಸ್ಸಿನ ಕತೆ ಏನೆಂದರೆ, ನಮ್ಮ ಕಡೆ ಐದನೇ ತಿಂಗಳಲ್ಲಿ ತವರಿನವರು ಬಸುರಿಗೆ ಗುಟ್ಟಾಗಿ ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆ ಕೊಟ್ಟು, ಸಿಹಿ ತಿನ್ನಿಸಿ ಉಡಿ ತುಂಬುತ್ತಾರೆ. ಇದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಏಳನೇ ತಿಂಗಳಲ್ಲಿ ನಾಲ್ಕು ಜನಕ್ಕೆ ಹೇಳಿ ಮಾಡುವ ದೊಡ್ಡ ಕುಬಸ ಬೇರೆ; ಇದು ಮಾತ್ರ ಹೊರಗಿನವರಿಗೆ ಗೊತ್ತಾಗಬಾರದು. ಕಳೆದ ಸಲ ಅವ್ವ ಅದನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಒಬ್ಬಳೇ ಹೋಗಿದ್ದಳು. ಚೀಲದ ಬಾಯಿಂದ ಹಸಿರು ಅಂಚು ಇಣುಕಿತು. ಬಾಜು ಕುಳಿತವಳು ಹುಬ್ಬಳ್ಳಿ ಬರುವುದರೊಳಗೆ "ಎಷ್ಟರಾಗ ಅದಾಳ್ರಿ ಮಗಳು?" ಎಂದು ಕೇಳಿಯೇಬಿಟ್ಟಳು. ದೇವಿಕೊಪ್ಪದಲ್ಲಿ ಇಳಿಯುವಾಗ ಕಂಡಕ್ಟರು "ಕುಬಸದವರು ಇಳೀರಿ" ಎಂದು ಕೂಗಿದನಂತೆ. ಅದಾದ ಹದಿನೈದು ದಿನಕ್ಕೆ ಹಾಗಾಯಿತು.

ಈಗ ಮೂರನೆಯದಕ್ಕೆ ಐದು ತಿಂಗಳು ತುಂಬುತ್ತ ಬಂದಿತ್ತು. ಅವ್ವ ಅದನ್ನು ಎಷ್ಟು ಮುಚ್ಚಿಟ್ಟಿದ್ದಳೆಂದರೆ ನಮ್ಮ ಮನೆಯೊಳಗೂ ತಂಗಿಯ ಸುದ್ದಿ ಬಂದರೆ ಕಿಟಕಿ ಹಾಕಿ ಬರುತ್ತಿದ್ದಳು. ಕಣ್ಣಿನ ಮಾತನ್ನು ನಾನು ನಂಬುವವಳಲ್ಲ. ಆದರೆ ಅವಳ ಮುಂದೆ ಹಾಗೆನ್ನುವ ಧೈರ್ಯ ನನಗೆ ಬರಲಿಲ್ಲ. ನನಗೂ ಹೆದರಿಕೆಯಿತ್ತು, ಈ ಸಲವೂ ಹೋದರೆ ತಂಗಿ ಎದ್ದು ನಿಲ್ಲಲಾರಳು ಎಂದು.

"ಅಮಾಸಿ ಒಳಗ ಕುಬಸ ಆಗಬೇಕು. ಆದ್ರ ನಾ ಬಸ್ ಹತ್ತಂಗಿಲ್ಲ" ಎಂದಳು ಅವ್ವ.

"ಪಾರ್ಸಲ್ ಮಾಡೂಣು ಬೇ" ಎಂದೆ ನಾನು. "ಬಾಕ್ಸ್‌ನ್ಯಾಗ ಏನೈತಿ ಅಂತ ಯಾರಿಗೂ ಕಾಣಂಗಿಲ್ಲ. ಬಾಗಲಾ ಹಾಕ್ಕೊಂಡು ಆಕಿನ ಉಟಗೋತಾಳ. ನೀ ಫೋನಿನ್ಯಾಗ ಹಾಡ ಹೇಳು."

ಅವ್ವ ಅರ್ಧ ದಿನ ವಿಚಾರ ಮಾಡಿ ಒಪ್ಪಿದಳು. ಜೀವನದಲ್ಲಿ ನನ್ನ ಮಾತು ಅವಳು ಒಂದೇ ಸಲಕ್ಕೆ ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಶೇಂಗಾ ಹೋಳಿಗೆ, ಕರ್ಚಿಕಾಯಿ ಮಾಡಿದಳು, ಕೆಡದಂಥವು. ಬಳೆಗಳನ್ನು ಖಣದಲ್ಲಿ ಸುತ್ತಿ, ಖಣವನ್ನು ಸೀರೆಯಲ್ಲಿ ಸುತ್ತಿ, ಎಲ್ಲವನ್ನೂ ಒಂದು ರಟ್ಟಿನ ಡಬ್ಬಿಯಲ್ಲಿಟ್ಟು ಅಣ್ಣಿಗೇರಿಗೆ ಒಯ್ದೆವು. ಅಲ್ಲಿ ಝೆರಾಕ್ಸ್ ಅಂಗಡಿಯ ಒಂದು ಮೂಲೆಯಲ್ಲಿ ಕೊರಿಯರ್ ತೆಗೆದುಕೊಳ್ಳುತ್ತಾರೆ. ಅಂಗಡಿಯವನು ಕನ್ನಡಕ ಏರಿಸಿ ಲೇಬಲ್ ತುಂಬಲು ಕುಳಿತ.

"ಯಾರ ಹೆಸರಿಗಿರಿ?"

ಅವ್ವ ನನ್ನ ಕೈ ಹಿಸುಕಿದಳು. ಮಗಳ ಹೆಸರು ಡಬ್ಬಿಯ ಮೇಲೆ ಊರೂರು ತಿರುಗಬಾರದು. ದಾರಿಯಲ್ಲಿ ಎಷ್ಟು ಜನ ಓದುತ್ತಾರೋ. ಅಳಿಯನ ಹೆಸರೂ ಬೇಡ, ಅವನ ಹೆಸರು ಓದಿದರೆ ಹೆಂಡತಿಯ ನೆನಪಾಗದೆ ಇರುತ್ತದೆಯೇ? ಕೊನೆಗೆ ಬರೀ ಅಡ್ಡಹೆಸರು ಬರೆಸಿದಳು. ಆ ಅಡ್ಡಹೆಸರಿನವರು ದೇವಿಕೊಪ್ಪದಲ್ಲಿ ಏಳೆಂಟು ಮನೆ ಇದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಪಿನ್ ಕೋಡ್ ಸರಿಯಿದೆ, ಮೊಬೈಲ್ ನಂಬರಿದೆ, ತಪ್ಪುವುದು ಹೇಗೆ ಎಂಬ ಜಾಣತನ ನನ್ನದು. ಆ ಮೊಬೈಲ್ ನಂಬರೂ ತಂಗಿಯದಲ್ಲ. ಅವ್ವ ಅದನ್ನೂ ಬೇಡವೆಂದಿದ್ದರಿಂದ ನನ್ನದೇ ಕೊಟ್ಟಿದ್ದೆ.

"ಕಳಿಸಿದವರು?"

"ಹೆಸರ ಬ್ಯಾಡ್ರಿ, ಬರೇ ಮೊಬೈಲ್ ನಂಬರ್ ಬರೀರಿ" ಎಂದೆ.

ಅವನು ಒಮ್ಮೆ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ. "ಒಳಗ ಏನೈತ್ರಿ?"

"ಪುಸ್ತಕ" ಎಂದಳು ಅವ್ವ, ಹುಟ್ಟಿದಾಗಿನಿಂದ ಪುಸ್ತಕ ಮುಟ್ಟದವಳು.

ಅವನು ಡಬ್ಬಿ ಎತ್ತಿ ಮೂಗಿಗೆ ಹಿಡಿದ. "ಯಾಲಕ್ಕಿ ವಾಸನಿ ಬರಾಕತ್ತೈತಲ್ಲರಿ ಅಕ್ಕಾರ?"

"ಅಡಿಗಿ ಪುಸ್ತಕ" ಎಂದೆ.

ಒಡೆಯುವ ಸಾಮಾನು ಇದ್ದರೆ ಗ್ಲಾಸಿನ ಚಿತ್ರದ ಚೀಟಿ ಅಂಟಿಸುತ್ತೇನೆ ಎಂದು ಅವನೇ ಹೇಳಿದ. ಅಡುಗೆ ಪುಸ್ತಕಕ್ಕೆ ಅದು ಯಾಕೆ ಬೇಕು ಎಂದು ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆದರೆ ಅಂಟಿಸಿದ ಚೀಟಿಯನ್ನು ಅವ್ವ ಉಗುರಿನಿಂದ ಕೆರೆದು ಕಿತ್ತಳು. "ಬಳಿ ಅದಾವ ಅಂತ ಡಂಗುರಾ ಹೊಡದಂಗ ಆಗತೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳ ಪಿಸುಮಾತು ರಸ್ತೆಯ ಆಚೆಗಿನ ಚಹಾದಂಗಡಿಗೂ ಕೇಳುವಂಥದು.

ಅಲ್ಲಿಂದ ಮೂರು ದಿನ ನನಗೆ ಪುರುಸೊತ್ತಿಲ್ಲ. ಅವ್ವ ಗಂಟೆಗೊಮ್ಮೆ ಬಂದು "ಎಲ್ಲಿ ಐತಿ?" ಎನ್ನುವಳು. ಮೊದಲ ದಿನ ಅಣ್ಣಿಗೇರಿಯಲ್ಲೇ ಇತ್ತು. ಎರಡನೇ ದಿನ ಹುಬ್ಬಳ್ಳಿ ಎಂದು ಬಂತು. ಅವ್ವ ಕೈಮುಗಿದಳು, ಹುಬ್ಬಳ್ಳಿಯಿಂದ ಕಲಘಟಗಿ ಎಷ್ಟು ಮಹಾ ದೂರ! ಮಾರನೆಯ ಬೆಳಿಗ್ಗೆ ನೋಡಿದರೆ ಡಬ್ಬಿ ಬೆಳಗಾವಿಯಲ್ಲಿ ಇತ್ತು.

"ಬೆಳಗಾಂವಿಗೆ ಯಾಕ ಹೋತು? ಅಲ್ಲಿ ಯಾರ ಅದಾರ ನಮ್ಮವರು?"

ಸಾಮಾನುಗಳನ್ನು ಅಲ್ಲಿ ಬೇರೆಬೇರೆ ಮಾಡಿ ಮತ್ತೆ ಕಳಿಸುತ್ತಾರೆ, ಇದು ಪದ್ಧತಿ ಎಂದು ನಾನು ತಿಳಿಸಿ ಹೇಳಿದೆ. ಅವ್ವನಿಗೆ ಈ ಪದ್ಧತಿ ಹಿಡಿಸಲಿಲ್ಲ. ಮನೆಯ ಮುಂದೆ ಹಾದುಹೋಗಿ, ಊರೆಲ್ಲ ತಿರುಗಿ, ಆಮೇಲೆ ಮನೆಗೆ ಬರುವ ಗಂಡಸರನ್ನು ಅವಳು ಬೈಯುವ ಮಾತುಗಳನ್ನೆಲ್ಲ ಆ ಡಬ್ಬಿಗೆ ಬೈದಳು.

ಶುಕ್ರವಾರ ಮುಂಜಾನೆ ಔಟ್ ಫಾರ್ ಡೆಲಿವರಿ ಎಂದು ಬಂತು. ಸೋಮವಾರ ಅಮಾವಾಸ್ಯೆ. ನಾನು ಕ್ಲಾಸಿನಲ್ಲಿದ್ದೆ, ಮೊಬೈಲಿನ ದನಿ ಬಂದ್ ಮಾಡಿ ಚೀಲದಲ್ಲಿಟ್ಟಿದ್ದೆ. ಮಧ್ಯಾಹ್ನ ತೆಗೆದು ನೋಡಿದರೆ ಗೊತ್ತಿಲ್ಲದ ನಂಬರಿನಿಂದ ನಾಲ್ಕು ಕರೆಗಳು, ಅದರ ಕೆಳಗೆ ಒಂದೇ ಸಾಲು, ಡೆಲಿವರ್ಡ್. ನಾನು ಆ ಕರೆಗಳನ್ನು ಬಿಟ್ಟು ಆ ಸಾಲನ್ನಷ್ಟೇ ಓದಿದೆ. ಅವ್ವನಿಗೆ ಫೋನ್ ಮಾಡಿ "ಮುಟ್ಟಿತು" ಎಂದೆ. ಅವಳು ದೇವರಿಗೆ ದೀಪ ಹಚ್ಚಿದಳು.

ಸಂಜೆ ತಂಗಿಗೆ ಫೋನ್ ಮಾಡಿದೆ.

"ಬಂದಿಲ್ಲಲ್ಲ ಅಕ್ಕಾ" ಎಂದಳು.

"ಬಂದೈತಿ. ಇಲ್ಲಿ ಬರದಾರ."

"ನಾ ಮುಂಜಾನಿಂದ ಮನಿ ಬಿಟ್ಟು ಎಲ್ಲೂ ಹೋಗಿಲ್ಲ."

"ಸರಿಯಾಗಿ ನೋಡ. ಹೊಸ್ತಲದಾಗ ಇಟ್ಟಿರತಾರ."

"ಹೊಸ್ತಲದಾಗ ಬೆಕ್ಕ ಕುಂತೈತಿ" ಎಂದಳು ತಂಗಿ.

ಹೊಟ್ಟೆಯಲ್ಲಿ ಕೂಸು ಹೊತ್ತವಳನ್ನು ಎರಡು ಸಲ ಎಬ್ಬಿಸಿ ಹಿತ್ತಲನ್ನೂ ನೋಡಿ ಬರಲು ಹಚ್ಚಿದೆ. ತಂಗಿಯ ಮಾತಿಗಿಂತ ಮೊಬೈಲಿನ ಮಾತು ನನಗೆ ಹೆಚ್ಚಾಗಿತ್ತು. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ನೋಡಿದರೆ ಆ ಸಾಲಿನ ಕೆಳಗೆ ಒಂದು ಫೋಟೋ ಇತ್ತು, ಕೊಟ್ಟದ್ದಕ್ಕೆ ಸಾಕ್ಷಿ. ನಮ್ಮ ಡಬ್ಬಿ ಒಂದು ಹೊಸ್ತಿಲ ಮೇಲೆ ಕುಳಿತಿತ್ತು, ಬಾಜು ಕಾಲುಂಗುರದ ಒಂದು ಪಾದ. ತಂಗಿಗೆ ಕಳಿಸಿದೆ. ಒಂದು ಕ್ಷಣದಲ್ಲಿ ತಿರುಗಿ ಫೋನ್ ಬಂತು. "ಅಯ್ಯ, ಇದು ನಮ್ಮ ಓಣ್ಯಾಗ ನಾಕ ಮನಿ ಆಚಿಗೆ. ನಮ್ಮ ಅಡ್ಡಹೆಸರನವರ. ನಾ ಹ್ಯಾಂಗ ಹೋಗಿ ಕೇಳ್ಲಿ? ಕೇಳಿದ್ರ ಹೇಳಿದಂಗ ಆತಲ್ಲ!"

ತಂದುಕೊಟ್ಟವನಿಗೆ ಫೋನ್ ಹಚ್ಚಿದೆ. ಮಾತಿನಲ್ಲೇ ವಯಸ್ಸಾದ, ನೆಮ್ಮದಿಯ ಮನುಷ್ಯ ಎಂದು ಗೊತ್ತಾಗುತ್ತಿತ್ತು. "ನಿಮಗ ಭಾಳ ಸಲ ಹಚ್ಚಿದೆರಿ ಮೇಡಂ, ಎತ್ತಲಿಲ್ಲ. ಅಡ್ಡಹೆಸರ ಕೇಳಿ ಕೊಟ್ಟೆ. ಅಲ್ಲೇ ನನ್ನ ಮುಂದನ ಬಿಚ್ಚಿದ್ರು. ಅಗದೀ ಖುಷಿ ಆದ್ರರಿ ಆ ಅವ್ವಾರು. ನನಗೂ ಒಂದ ಹೋಳಿಗಿ ಕೊಟ್ರು. ಮಸ್ತ ಇತ್ರಿ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಅವ್ವ ಅಲ್ಲೇ ಗೋಡೆಗೆ ಒರಗಿ ಕುಳಿತಳು. ಹಸಿರು ಸೀರೆ ಹೊರಗೆ ಬಿದ್ದಿತ್ತು. ಯಾರದೋ ಮನೆಯ ಹೊಸ್ತಿಲಲ್ಲಿ ಅವಳ ಗುಟ್ಟಿನ ಹೋಳಿಗೆಯನ್ನು ಯಾರೋ ತಿಂದಿದ್ದರು. "ಮತ್ತ ಹಂಗ ಆಗತೈತಿ" ಎಂದಳು, ಇಷ್ಟು ಸಣ್ಣ ದನಿಯಲ್ಲಿ. ಅವಳಿಗೆ ಪಿಸುಮಾತು ಬರುತ್ತದೆ ಎಂದು ನನಗೆ ತಿಳಿದದ್ದು ಆವತ್ತೇ.

ಭಾನುವಾರ ಇಬ್ಬರೂ ಬಸ್ ಹತ್ತಿದೆವು, ಖಾಲಿ ಕೈಯಲ್ಲಿ. ದಾರಿಯುದ್ದಕ್ಕೂ ಅವ್ವ ಯಾರ ಮುಖವನ್ನೂ ನೋಡಲಿಲ್ಲ. ದೇವಿಕೊಪ್ಪದಲ್ಲಿ ಇಳಿದು, ತಂಗಿಯ ಮನೆ ದಾಟಿ, ನೇರ ಆ ಮನೆಗೆ ಹೋದೆವು.

ಒಳಗಿನ ದೃಶ್ಯ ಹೀಗಿತ್ತು. ಪಡಸಾಲೆಯ ಮಂಚದ ಮೇಲೆ ಹೊಸದಾಗಿ ಮದುವೆಯಾದ ಸೊಸೆಯನ್ನು ಕೂರಿಸಿದ್ದರು. ಬೆನ್ನಿಗೆ ಎರಡು ತಲೆದಿಂಬು. ಕೈತುಂಬ ನಮ್ಮ ಹಸಿರು ಬಳೆ. ಎದುರಿಗೆ ಖರ್ಜೂರ, ಬಾದಾಮಿ, ದೊಡ್ಡ ಲೋಟದಲ್ಲಿ ಹಾಲು. ಬಾಜು ಅವಳ ಅತ್ತೆ, ಅರವತ್ತರ ಗಟ್ಟಿ ಹೆಂಗಸು, ಹಾಲು ಮುಗಿಯುವವರೆಗೂ ಏಳುವುದಿಲ್ಲ ಎಂಬಂತೆ ಕುಳಿತಿದ್ದಳು. ಸೊಸೆ ನಮ್ಮನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾವು ಯಾರೆಂದು ಗೊತ್ತಿಲ್ಲದಿದ್ದರೂ ನಮ್ಮ ಜೊತೆ ಎದ್ದು ಬರಲು ತಯಾರಿದ್ದಳು.

"ನಮ್ಮದೊಂದು ಪಾರ್ಸಲ್ ತಪ್ಪಿ ಇಲ್ಲಿಗೆ ಬಂದೈತಂತ್ರಿ" ಎಂದಳು ಅವ್ವ. "ಪುಸ್ತಕ."

"ಪುಸ್ತಕ ಯಾವೂ ಬಂದಿಲ್ಲರಿ" ಎಂದಳು ಅತ್ತೆ, ತುಟಿಯಲ್ಲಿ ನಗು ತಡೆದುಕೊಂಡು. "ನಮಗ ಬಂದದ್ದು ಬ್ಯಾರೆ. ನಮ್ಮ ಬೀಗತಿ ಕಳಿಸ್ಯಾಳ. ಡಬ್ಬಿ ಮ್ಯಾಲ ಅಣ್ಣಿಗೇರಿ ಅಂತ ಐತಿ, ಅವರೂ ಆ ಕಡೆಯವರ."

ಸೊಸೆಗೆ ಇನ್ನು ತಡೆಯಲಾಗಲಿಲ್ಲ. "ನಮ್ಮವ್ವ ಕಳಿಸಿಲ್ಲ ಅಂತ ಎಷ್ಟ ಸಲ ಹೇಳ್ಲೆರಿ ಅತ್ತಿ! ನನಗ ಏನೂ ಇಲ್ಲ. ಎರಡ ದಿನದಿಂದ ನೆಲಕ್ಕ ಕಾಲ ಇಡಾಕ ಬಿಟ್ಟಿಲ್ಲ ನೋಡ್ರಿ ಅಕ್ಕಾ ನನ್ನ!"

ಆಮೇಲೆ ತಿಳಿದದ್ದು ಇಷ್ಟು. ಸೊಸೆ ತನಗೆ ದಿನ ಹೋಗಿಲ್ಲ, ಮುಟ್ಟು ತಪ್ಪಿಲ್ಲ ಎಂದರೆ, ಹೊಸ ಹುಡುಗಿ, ನಾಚುತ್ತಾಳೆ ಎಂದು ಅತ್ತೆ ನಕ್ಕಳು; ತಿಂಗಳು ಎಣಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಬೀಗತಿಗೆ ಫೋನ್ ಮಾಡಿದರೆ ಅವರೂ ತಾವು ಕಳಿಸಿಲ್ಲ ಎಂದರು. ಕಳ್ಳ ಕುಬಸ ಕಳಿಸಿದವರು ಹೌದು ಕಳಿಸಿದ್ದೇನೆ ಎನ್ನುತ್ತಾರೆಯೇ? ಅಲ್ಲಿಗೆ ಅತ್ತೆಯ ಅನುಮಾನ ಪೂರ್ತಿ ಹೋಯಿತು. ಇಲ್ಲ ಎಂದು ಹೇಳಿದಷ್ಟೂ ಹುಡುಗಿಗೆ ಒಂದೊಂದು ಲೋಟ ಹಾಲು ಹೆಚ್ಚಾಯಿತು.

ಈಗ ಪಾರ್ಸೆಲ್ ಕೇಳಿಕೊಂಡು ಬಂದವರೇ ಎದುರಿಗಿದ್ದರು; ಅತ್ತೆಯ ನಗು ಇಳಿಯಿತು. ಅವಳು ಸೊಸೆಯ ಮುಖ ನೋಡಿದಳು, ಬಳೆ ನೋಡಿದಳು, ನಮ್ಮನ್ನು ನೋಡಿದಳು. ಎರಡು ದಿನ ಅಜ್ಜಿಯಾಗಿದ್ದವಳು ಆ ಒಂದು ಮಾತಿಗೆ ಮತ್ತೆ ಬರೀ ಅತ್ತೆಯಾದಳು. ಪಾಪ ಅನ್ನಿಸಿತು ನನಗೆ.

"ಹಂಗಾರ ಇದು ಯಾರದ್ರಿ?" ಎಂದಳು.

ಅವ್ವ ಸಿಕ್ಕಿಬಿದ್ದಳು. ಹೇಳದಿದ್ದರೆ ಸೀರೆಯಿಲ್ಲ, ನಾಳೆ ಅಮಾವಾಸ್ಯೆ. ಹೇಳಿದರೆ ಐದು ತಿಂಗಳು ಕಿಟಕಿ ಹಾಕಿ ಕಾಪಾಡಿದ್ದನ್ನು ಗುರುತಿಲ್ಲದ ಹೆಂಗಸಿನ ಕೈಗೆ ಕೊಟ್ಟಂತೆ. ನಾನು ಹೇಳೋಣವೆಂದರೆ ನನಗೆ ಆ ಹಕ್ಕಿರಲಿಲ್ಲ.

"ನಿಮ್ಮ ಓಣ್ಯಾಗ ನನ್ನ ಮಗಳದಾಳ್ರಿ" ಎಂದಳು ಅವ್ವ ಕೊನೆಗೆ. "ಎರಡ ಹೋದುವು. ಇದು ಮೂರನೇದು. ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಆ ಹೆಂಗಸು ಹಣೆ ಬಡಿದುಕೊಂಡಳು. "ಅಯ್ಯ ಶಿವನ! ನನಗ ಹೊಳೀಬೇಕಿತ್ತು ನೋಡ್ರಿ. ನಮ್ಮ ಮನಿಗೆ ಬಂತಲ್ಲ ಅನ್ನೂ ಖುಷಿಯೊಳಗ ಹೊಳೀಲೇ ಇಲ್ಲ. ಆಕಿದು ನಮಗೆಲ್ಲಾ ಮೊದಲ ಗೊತ್ತೈತಿ."

"ಎಲ್ಲಾರಿಗೂ?"

"ಮುಂಜಾನೆದ್ದು ಹಿತ್ತಲದಾಗ ವಾಂತಿ ಮಾಡಿಕೊಂಡ್ರ ಓಣಿಗೆ ಕೇಳೂದಿಲ್ಲೇನ್ರಿ? ಒಗ್ಗರಣಿ ವಾಸನಿ ಹೋದ್ರ ಸಾಕು, ಓಡ್ತಿದ್ಲು. ಹಿಂದಿನ ಎರಡೂ ನಾವು ಕಣ್ಣಾರೆ ನೋಡಿದವರು. ಅದಕ್ಕ ನಾವ ನಾವ ಮಾತಾಡಿಕೊಂಡು ಒಗ್ಗರಣಿ ಹಾಕೂದು, ಮೆಣಸಿನಕಾಯಿ ಕರಿಯೂದು ಬಿಟ್ಟೇವಿ. ಮೂರ ತಿಂಗಳಾತು. ಸಪ್ಪನ ಪಲ್ಯಾ ಅಂತ ನಮ್ಮ ಮನಿಯಾರು ದಿನಾ ಜಗಳಾ ತಗೀತಾರ. ಅವರಿಗೂ ಹೇಳಿಲ್ಲ."

"ವಾಂತಿ ನಿಂತು ತಿಂಗಳಾತಲ್ಲರಿ ಆಕಿಗೆ" ಎಂದೆ ನಾನು.

"ನಮಗೂ ಅನಿಸಿತ್ತರಿ. ಆದ್ರ ಕೇಳೂದು ಹ್ಯಾಂಗ? ನಿಂತೈತೇನವ್ವ ಅಂತ ಕೇಳಿದ್ರ ನಮಗ ಗೊತ್ತೈತಿ ಅಂತ ಆಕಿಗೆ ಗೊತ್ತಾಗತೈತಿ. ಅಂಜೂ ಹುಡುಗಿ. ಅದಕ್ಕ ಹಂಗ ನಡಸೇವಿ."

ಅವ್ವ ಅಲ್ಲೇ ನೆಲದ ಮೇಲೆ ಕುಳಿತು ಜೋರಾಗಿ ಅತ್ತಳು. ಐದು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಮಂಚದ ಮೇಲಿನ ಸೊಸೆ ಇದೇ ಸಮಯವೆಂದು ಇಳಿದು ನೀರು ತರಲು ಓಡಿದಳು.

ಸೀರೆ, ಖಣ ಹಾಗೆಯೇ ಮಡಿಕೆಯಲ್ಲಿದ್ದವು. ಕರ್ಚಿಕಾಯಿ ಇದ್ದವು. ಹೋಳಿಗೆ ಎರಡು ಉಳಿದಿದ್ದವು. ಸೊಸೆ ಬಳೆ ಕಳಚಲು ಹೋದರೆ ಅವ್ವ ತಡೆದಳು, ತೊಟ್ಟ ಬಳೆ ತೆಗೆಯಬಾರದು, ನಿನ್ನ ಕೈಗೇ ಇರಲಿ ಎಂದಳು. ಅತ್ತೆ ತನ್ನ ಟ್ರಂಕಿನಿಂದ ಬೇರೆ ಹಸಿರು ಬಳೆ ತೆಗೆದಳು, ಇನ್ನೊಂದು ಖಣವನ್ನೂ ಇಟ್ಟಳು. ನಾವು ಮೂವರು ಹೊರಟವರು ತಂಗಿಯ ಮನೆ ಮುಟ್ಟುವಾಗ ಏಳು ಜನ ಆಗಿದ್ದೆವು. ಕರೆದವರು ಯಾರೆಂದು ನನಗೆ ಗೊತ್ತಿಲ್ಲ.

ಬಾಗಿಲು ತೆಗೆದ ತಂಗಿ ನಮ್ಮನ್ನೆಲ್ಲ ನೋಡಿ ಬಿಳಿಚಿಕೊಂಡಳು. "ಅವ್ವಾ, ಎಲ್ಲಾರಿಗೂ ಹೇಳಿ ಬಂದಿಯೇನು?"

"ನಾ ಏನೂ ಹೇಳಿಲ್ಲ" ಎಂದಳು ಅವ್ವ. "ನನಗ ಇವರು ಹೇಳಿದ್ರು."

ಅವತ್ತು ಆ ಏಳು ಜನರ ನಡುವೆ ಹಸಿರು ಸೀರೆ ಉಟ್ಟು ಕುಳಿತ ತಂಗಿ ಮೊದಲ ಸಲ ಎದೆಯುಬ್ಬಿಸಿ ಉಸಿರಾಡಿದ್ದನ್ನು ನೋಡಿದೆ. ಏನು ತಿನ್ನುವ ಆಸೆ ಎಂದು ಕೇಳಿದ್ದಕ್ಕೆ, ಬಹಳ ಹೊತ್ತು ಹಿಂದೆಮುಂದೆ ನೋಡಿ, ಮಿರ್ಚಿ ಭಜಿ ಎಂದಳು. ತಿಂಗಳಿಂದ ಬಾಯಲ್ಲಿ ನೀರೂರುತ್ತಿದೆ, ಆದರೆ ಈ ಓಣಿಯಲ್ಲಿ ಯಾರ ಮನೆಯಲ್ಲೂ ಎಣ್ಣೆಯ ವಾಸನೆ ಇಲ್ಲ, ಎಲ್ಲರೂ ಏನೋ ವ್ರತ ಹಿಡಿದಿದ್ದಾರೆಂದು ತಿಳಿದು ಸುಮ್ಮನಿದ್ದೆ ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹತ್ತು ನಿಮಿಷದಲ್ಲಿ ಓಣಿಯ ಮೂರು ಮನೆಗಳಿಂದ ಹೊಗೆ ಎದ್ದಿತು, ಗಂಡಸರು ಕೆಮ್ಮುತ್ತ ಹೊರಗೆ ಬಂದರು.

ಉಳಿದ ತಿಂಗಳುಗಳನ್ನು ಅವ್ವ ಹೇಗೆ ಕಳೆದಳೆಂದು ಬರೆಯಲಾರೆ. ಏಳು ತುಂಬಿತು, ಒಂಬತ್ತು ತುಂಬಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅವ್ವನ ಕೈಗಿಟ್ಟಳು. ಕೂಸು ಕಿವಿ ಹರಿಯುವಂತೆ ಅಳುತ್ತಿತ್ತು. ನಮ್ಮ ಸೋದರಮಾವನಿಗೆ, ಚಿಕ್ಕಮ್ಮನಿಗೆ ಹೇಳೋಣವೆಂದು ನಾನು ಫೋನ್ ತೆಗೆದರೆ, ಅವ್ವ ಅದನ್ನು ಕಸಿದುಕೊಂಡು ದೇವಿಕೊಪ್ಪದ ಆ ಹೆಂಗಸಿಗೆ ಹಚ್ಚಿಸಿದಳು.

"ಹೆಣ್ಣ ಕೂಸು ರೀ, ಇಬ್ಬರೂ ಅರಾಮ ಅದಾರ" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. "ಓಣ್ಯಾಗ ಎಲ್ಲಾರಿಗೂ ಹೇಳ್ರಿ. ಒಬ್ಬರನ್ನೂ ಬಿಡಬ್ಯಾಡ್ರಿ."